ಕಲ್ಲವ್ವನನ್ನು ನಿಲ್ಲಿಸಿದ ಪ್ರಶ್ನೆ

ವರದಾ ನದಿಯ ದಂಡೆಯಲ್ಲಿ ಶಂಭುಲಿಂಗ ಗುರುಗಳ ಆಶ್ರಮವಿತ್ತು. ಅಲ್ಲಿ ಪಾಠವೂ ನಡೆಯುತ್ತಿತ್ತು, ಊರಿನವರಿಗೆ ಔಷಧವೂ ಸಿಗುತ್ತಿತ್ತು.

ಮಧುಕೇಶ ಅಲ್ಲಿನ ಹಿರಿಯ ಶಿಷ್ಯ. ಪ್ರಶ್ನೆ ಗುರುಗಳ ಬಾಯಲ್ಲಿರುವಾಗಲೇ ಉತ್ತರ ಅವನ ಬಾಯಲ್ಲಿರುತ್ತಿತ್ತು. ಹನ್ನೆರಡು ವರ್ಷ ಹಾಗೇ ನಡೆದಿತ್ತು.

ಆ ವರ್ಷ ಅವನಿಗೆ ವಿಷಮಜ್ವರ ಬಂತು. ನಲವತ್ತು ದಿನ ಮಲಗಿದ. ಎದ್ದ ಮೇಲೆ ಮೈಗೆ ಶಕ್ತಿ ಬಂತು, ಆದರೆ ಯೋಚನೆ ನಿಧಾನವಾಗಿತ್ತು.

ಯಾರಾದರೂ ಏನಾದರೂ ಕೇಳಿದರೆ ಅದು ಒಳಗಿಳಿಯಲು ಹೊತ್ತು ಬೇಕು. ಉತ್ತರ ಮೇಲೆ ಬರಲು ಇನ್ನಷ್ಟು ಹೊತ್ತು. ಅಷ್ಟರಲ್ಲಿ ಅವನಿಗಿಂತ ಕಿರಿಯನಾದ ವಿರೂಪ ಹೇಳಿ ಮುಗಿಸಿರುತ್ತಿದ್ದ.

ಯಾರೂ ನಗಲಿಲ್ಲ. ಅದೇ ಅವನಿಗೆ ಹೆಚ್ಚು ನೋವು ಕೊಟ್ಟಿತು.

ಒಂದು ಬೆಳಿಗ್ಗೆ ಅವನು ಗುರುಗಳ ಮುಂದೆ ಬಂದು ನಿಂತ.

"ಅಪ್ಪಣೆ ಕೊಡಿ, ಗುರುಗಳೇ. ನಾನು ಹೊರಡುತ್ತೇನೆ."

"ಯಾಕೆ?"

"ಜ್ವರ ನನ್ನ ಬುದ್ಧಿಯನ್ನು ತಿಂದುಹಾಕಿದೆ."

"ತಿಂದದ್ದು ಬುದ್ಧಿಯನ್ನೇ ಎಂದು ಹೇಗೆ ಗೊತ್ತಾಯಿತು?"

ಮಧುಕೇಶ ಯೋಚಿಸಿದ. ಏನೂ ಹೊಳೆಯಲಿಲ್ಲ. ಕಣ್ಣು ತುಂಬಿಬಂತು.

"ನೋಡಿ, ಇದಕ್ಕೂ ಉತ್ತರ ಬರುತ್ತಿಲ್ಲ."

"ಅವಸರವೇನಿದೆ? ಕೂತುಕೊ," ಎಂದರು ಗುರುಗಳು.

ಅವನು ಕೂರುವಷ್ಟರಲ್ಲಿ ಮುದುಕಿಯೊಬ್ಬಳು ಏದುಸಿರು ಬಿಡುತ್ತ ಬಂದಳು. ಪಕ್ಕದ ಊರಿನ ಕಲ್ಲವ್ವ.

"ಅಜ್ಜಾರ, ನನ್ನ ಮನಿ ಮುಳುಗಿ ಹೋತ್ರಿ! ಮಗಾ, ಸೊಸಿ, ಮೊಮ್ಮಗಳು, ಮೂರೂ ಮಂದಿ ನಿನ್ನೆಯಿಂದ ಹುಚ್ಚರಾಂಗ ಮಾತಾಡಾಕ ಹತ್ಯಾರ. ಬಾಯಿ ಒಣಗೇತಿ, ಮೈ ಸುಡಾಕ ಹತ್ತೈತಿ. ಬೆಳಕ ಕಂಡ್ರ ಕಣ್ಣ ಮುಚ್ಕೋತಾರ."

"ಪಿತ್ತ ನೆತ್ತಿಗೇರಿದೆ, ಅಮ್ಮ," ಎಂದ ವಿರೂಪ. ಅವಳ ಮಾತು ಮುಗಿಯುವ ಮೊದಲೇ ಅವನು ಒಳಗೆ ಹೋಗಿ ಲಾವಂಚದ ಬೇರಿನ ಗಂಟು ತಂದಿದ್ದ. "ಇದನ್ನು ನೀರಲ್ಲಿ ನೆನೆಸಿ ಕುಡಿಸಿ. ತಂಪಾಗುತ್ತದೆ."

ಕಲ್ಲವ್ವ ಕೈ ಚಾಚಿದಳು.

ಗುರುಗಳು ಮಧುಕೇಶನ ಮುಖ ನೋಡಿದರು. ಅವನ ಹುಬ್ಬು ಗಂಟಿಕ್ಕಿತ್ತು.

ಗುರುಗಳು ಬೇರಿನ ಗಂಟನ್ನು ವಿರೂಪನಿಂದ ತಾವೇ ಇಸಿದುಕೊಂಡರು. ಬಿಚ್ಚಿದರು. ಬೇರುಗಳನ್ನು ಒಂದೊಂದಾಗಿ ಜೋಡಿಸಿ ಮತ್ತೆ ಕಟ್ಟತೊಡಗಿದರು.

"ಗುರುಗಳೇ, ಅಲ್ಲಿ ಮೂರು ಜೀವ ಒದ್ದಾಡುತ್ತಿವೆ," ಎಂದ ವಿರೂಪ.

ಗುರುಗಳು ದಾರ ಸುತ್ತುತ್ತಲೇ ಇದ್ದರು.

"ಅವ್ವಾ," ಎಂದ ಮಧುಕೇಶ ಕಡೆಗೆ. "ನಿಮಗ್ಯಾಕ ಏನೂ ಆಗಿಲ್ಲ?"

ಕಲ್ಲವ್ವನ ಮುಖ ಸಣ್ಣದಾಯಿತು. "ನನಗೂ ಆಗಬೇಕಿತ್ತೇನೋ ತಮ್ಮಾ?"

"ಹಂಗಲ್ಲ ಅವ್ವಾ. ಮೂರೂ ಮಂದಿಗೆ ಒಂದೇ ದಿನ ಪಿತ್ತ ಏರೂದಿಲ್ಲ." ಅವನು ತಡೆದ. ಮಾತು ಹುಡುಕಿದ. ಯಾರೂ ನಡುವೆ ಬಾಯಿ ಹಾಕಲಿಲ್ಲ. "ಅವರು ಉಂಡು, ನೀವು ಉಣ್ಣದ್ದು ಏನೈತಿ?"

"ಏನೈತಿ? ರೊಟ್ಟಿ. ನನಗೆಲ್ಲಿ ಹಲ್ಲದಾವು! ನಾ ಅಕ್ಕಿ ಗಂಜಿ ಕುಡಿಯಾಕಿ."

"ಜೋಳ ಎಲ್ಲಿದು?"

"ನಮ್ಮ ಹೊಲದ್ದ. ಹೊಸಾ ಜೋಳ. ಮೊನ್ನಿ ಬೀಸಿಸೀವಿ."

ಮಧುಕೇಶ ಗುರುಗಳ ಮುಂದಿದ್ದ ಬೇರುಗಳನ್ನೇ ನೋಡಿದ. ದಾರ ಸುತ್ತುತ್ತಿದ್ದ ಕೈ ನಿಂತಿತ್ತು.

"ಹೊಲದ ಬದುವಿನಾಗ ದತ್ತೂರಿ ಗಿಡ ಅದಾವೇನವ್ವಾ?"

"ಬದುವಿನ ತುಂಬ ಅದಾವ. ಯಾಕ..." ಎಂದವಳೇ ಕಲ್ಲವ್ವ ಎದೆ ಹಿಡಿದುಕೊಂಡಳು. "ಅಯ್ಯೋ ಶಿವನ! ಆ ವಿಷದ ಬೀಜ ಜೋಳದಾಗ ಕೂಡೇತೇನ? ಪಕ್ಕದ ಮನಿಯಾಕಿ ನಮ್ಮ ಮನ್ಯಾಗ ಅದ ಹಿಟ್ಟಿನಾಗ ರೊಟ್ಟಿ ಬಡಿಯಾಕ ಹತ್ಯಾಳ. ಅವರಿಗೂ ಉಣಿಸಿ ತಾನೂ ಉಣ್ತಾಳ!"

ಗುರುಗಳು ಗಂಟನ್ನು ಪಕ್ಕಕ್ಕಿಟ್ಟರು.

"ವಿರೂಪ, ಈಗ ಓಡು."

ವಿರೂಪ ಓಡಿದ. ಗುರುಗಳೂ ಮಧುಕೇಶನೂ ಕಲ್ಲವ್ವನ ಹಿಂದೆ ಹೋಗಿ ಮುಟ್ಟುವ ಹೊತ್ತಿಗೆ ಅವನು ಹಿಟ್ಟಿನ ಡಬ್ಬಿಯನ್ನು ಹೊರಗೆ ತಂದಿಟ್ಟು, ಬಾಗಿಲಲ್ಲಿ ಅಡ್ಡ ನಿಂತಿದ್ದ. ಪಕ್ಕದ ಮನೆಯವಳು ಅವನನ್ನು ಬೈಯುತ್ತಿದ್ದಳು. ಯಾರ ಬಾಯಿಗೂ ತುತ್ತು ಹೋಗಿರಲಿಲ್ಲ.

ಜೋಳದ ಚೀಲಕ್ಕೆ ಗುರುಗಳು ಕೈ ಹಾಕಿದರು. ಬಿಳಿ ಕಾಳುಗಳ ನಡುವೆ ದತ್ತೂರಿಯ ಕಂದು ಬಣ್ಣದ ಚಪ್ಪಟೆ ಬೀಜಗಳು ಬಂದವು.

ಗುರುಗಳು ಆ ಮನೆಯಲ್ಲೇ ಉಳಿದರು. ಮೂವರನ್ನೂ ಕತ್ತಲೆ ಕೋಣೆಯಲ್ಲಿ ಮಲಗಿಸಿ, ಶಿಷ್ಯರಿಬ್ಬರನ್ನೂ ಪಾಳಿಯ ಮೇಲೆ ಪಕ್ಕದಲ್ಲಿ ಕೂರಿಸಿದರು. ಎರಡನೆಯ ದಿನ ಮಗ ತಾಯಿಯ ಗುರುತು ಹಿಡಿದ. ಸೊಸೆ ಎದ್ದು ಕೂತಳು. ಮೂರನೆಯ ದಿನ ಮೊಮ್ಮಗಳು ಹಸಿವು ಎಂದು ಅತ್ತಳು. ಆ ಅಳು ಕೇಳಿ ಕಲ್ಲವ್ವ ಬೊಚ್ಚುಬಾಯಿ ತೆರೆದು ನಕ್ಕಳು.

ಆಶ್ರಮಕ್ಕೆ ಮರಳುವಾಗ ಗುರುಗಳೂ ಶಿಷ್ಯರಿಬ್ಬರೂ ನದಿಯಲ್ಲಿ ಕಾಲು ತೊಳೆಯಲು ನಿಂತರು.

"ದತ್ತೂರಿ ಎಂದು ನಿಮಗೆ ಮೊದಲೇ ಗೊತ್ತಿತ್ತೇ?" ಎಂದು ವಿರೂಪ ಕೇಳಿದ.

"ಇಲ್ಲ. ಇವನ ಯೋಚನೆ ಎಲ್ಲಿಗೋ ಹೊರಟಿದೆ ಎಂಬುದಷ್ಟೇ ಗೊತ್ತಿತ್ತು."

ವಿರೂಪ ತಲೆ ತಗ್ಗಿಸಿದ. "ನಾನು ಅವಸರಪಟ್ಟೆ."

"ಮೊದಲು ಅವಸರಪಟ್ಟೆ. ಆಮೇಲೆ ಓಡಿದೆ. ಎರಡೂ ನೀನೇ."

ಮಧುಕೇಶ ನೀರಿನಲ್ಲಿ ನಿಂತೇ ಇದ್ದ.

"ಹಾಗಾದರೆ, ಗುರುಗಳೇ, ನಿಧಾನವೇ ಬುದ್ಧಿಯೋ?"

"ಛೆ! ನಿಧಾನವಾದ ದಡ್ಡರನ್ನೂ ಬೇಕಾದಷ್ಟು ನೋಡಿದ್ದೇನೆ."

ವಿರೂಪ ನಕ್ಕುಬಿಟ್ಟ. ಮಧುಕೇಶನಿಗೂ ನಗು ಬಂತು. ಜ್ವರದಿಂದ ಎದ್ದ ಮೇಲೆ ಅವನು ನಕ್ಕದ್ದು ಅದೇ ಮೊದಲು. ಎದೆಯ ಮೇಲೆ ಕೂತಿದ್ದ ಯಾರೋ ಎದ್ದು ಹೋದಂತಾಯಿತು.

"ಇಷ್ಟು ವರ್ಷ ನೀನು ಉತ್ತರಕ್ಕೆ ತಲುಪಿದ್ದನ್ನಷ್ಟೇ ನಾನು ನೋಡುತ್ತಿದ್ದೆ," ಎಂದರು ಗುರುಗಳು. "ಮೊನ್ನೆ ನೀನು ಅಲ್ಲಿಗೆ ನಡೆದುಹೋದದ್ದನ್ನೂ ನೋಡಿದೆ. ನಡೆದವನು ಆ ಹಳೆಯ ಮಧುಕೇಶನೇ."

ಮಧುಕೇಶ ಮಾತು ಹುಡುಕುತ್ತ ದಂಡೆ ಹತ್ತಿದ. ಗುರುಗಳು ಕಾದರು. ವಿರೂಪನೂ ಕಾದ.

"ಆ ವೇಗ ನನಗೆ ಮತ್ತೆ ಬರುತ್ತದೆಯೇ, ಗುರುಗಳೇ?"

"ಬರಬಹುದು. ಬಂದರೆ ಹೆದರಬೇಡ. ಆಗಲೂ ನಡೆಯುವವನು ನೀನೇ."