ಪಾದಪ್ಪಜ್ಜನವರು ಕತ್ತಿ ಮಡಚಿದ ದಿನ

“ಮತ್ತ ಬಂದ್ರ ನೋಡ್ರಿ! ನನ್ನ ಕೂಸಿನ ಮೈಮ್ಯಾಲ ಒಂದು ತಂಬಿಗಿ ನೀರು ಬೀಳೂದ್ರೊಳಗ ಈ ಊರಾಗ ಯಾರಿಗರ ಗಡ್ಡ ಬೆಳದಿರತೈತಿ!”

ಬಚ್ಚಲಿನಲ್ಲಿ ಕಾಲು ಚಾಚಿ, ಎಣ್ಣೆ ಹಚ್ಚಿದ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದ ಬಂಗಾರೆವ್ವ ಬಾಗಿಲು ಬಡಿದ ಸಪ್ಪಳಕ್ಕೆ ಹೀಗೆ ಕೂಗಿದಳು. ಅವಳ ಸಿಟ್ಟಿಗೆ ಕಾರಣವೂ ಇತ್ತು. ಅವಳ ಮಾವನವರು ಪೂಜ್ಯ ಗುರುಪಾದಪ್ಪನವರು. ಊರವರ ಬಾಯಲ್ಲಿ ಪಾದಪ್ಪಜ್ಜನವರು. ಸಂತೆಪೇಟೆಯ ಮೂಲೆಯಲ್ಲಿ, ತಗಡಿನ ಮಾಡಿನ ಕೆಳಗೆ ಒಂದು ಕುರ್ಚಿ, ಒಂದು ಕನ್ನಡಿ ಇಟ್ಟುಕೊಂಡು ಕ್ಷೌರದ ಕಾಯಕ ನಡೆಸುತ್ತಿದ್ದರು. ಸೋಮವಾರ ಅಂಗಡಿ ಮುಚ್ಚುವ ದಿನ. ಅವರಿಗೆ ಹೆಚ್ಚು ಕೆಲಸವಿರುತ್ತಿದ್ದುದೂ ಆ ದಿನವೇ. ಹಾಸಿಗೆ ಹಿಡಿದವರು, ಕಣ್ಣು ಕಾಣದವರು, ಬಸ್ ನಿಲ್ದಾಣದ ಕಟ್ಟೆಯ ಮೇಲೆ ತಮ್ಮಷ್ಟಕ್ಕೆ ತಾವೇ ಮಾತಾಡುತ್ತ ಕೂರುವವರು, ಇಂಥವರನ್ನು ಹುಡುಕಿಕೊಂಡು ಹೋಗಿ ತಲೆ, ಗಡ್ಡ ಹಸನು ಮಾಡಿ ಬರುತ್ತಿದ್ದರು. ಬಂದ ಮೇಲೆ ಹಿತ್ತಲಲ್ಲಿ ಸ್ನಾನವಾಗದೆ ಹೊಸ್ತಿಲು ದಾಟುವ ರೂಢಿ ಇರಲಿಲ್ಲ. ಒಲೆ ಊದಿ ಮತ್ತೊಂದು ಹಂಡೆ ನೀರು ಕಾಯಿಸುವವಳು ಸೊಸೆ. ಜನ ಅಜ್ಜನವರ ಪಾದ ಮುಟ್ಟುವುದನ್ನು ಕಂಡಾಗಲೆಲ್ಲ, “ಶರಣರು ಅವರು, ಹೊಗಿ ಕುಡಿಯಾಕಿ ನಾನು” ಎನ್ನುತ್ತಿದ್ದಳು. ಅಜ್ಜನವರು ಕೇಳಿ ನಗುತ್ತಿದ್ದರು.

ಅಂದೂ ಸೋಮವಾರ. ಬಾಗಿಲಲ್ಲಿ ನಿಂತವನು ಕುಂಬಾರ ದುಂಡಪ್ಪ. ವಯಸ್ಸಾದವನು, ಮಕ್ಕಳಿಲ್ಲ. ಹೆಂಡತಿ ರಾಚವ್ವ ಬಿದ್ದು ಸೊಂಟ ಮುರಿದುಕೊಂಡು ಮಲಗಿ ಎಷ್ಟೋ ತಿಂಗಳಾಗಿತ್ತು.

“ಅಪ್ಪಾರ, ಆಕಿ ತಲಿ ಬೋಳಿಸಬೇಕ್ರಿ” ಅಂದ. ಅಂದವನೇ ಅಳತೊಡಗಿದ.

ಕೇಳಿದರೆ, ತಪ್ಪು ಅವನದೇ. ಗಟ್ಟಿ ಇದ್ದಾಗ ರಾಚವ್ವ ಜೇಡಿಮಣ್ಣಿನಿಂದ ತಲೆ ತೊಳೆದುಕೊಳ್ಳುತ್ತಿದ್ದಳು. ತಲೆ ತುರಿಸುತ್ತದೆ ಎಂದು ಅವಳು ಗೋಳಾಡಿದಾಗ ದುಂಡಪ್ಪ, ಎಲ್ಲ ಮಣ್ಣೂ ಒಂದೇ ಎಂದುಕೊಂಡು, ಗಡಿಗೆ ಮಾಡಲು ಬೂದಿ, ಲದ್ದಿ ಬೆರೆಸಿ ತುಳಿದು ಹದಮಾಡಿಟ್ಟ ಮಣ್ಣನ್ನೇ ತಂದು ಮೆತ್ತಿಬಿಟ್ಟ. ಮಲಗಿದವಳಿಗೆ ನೀರು ಹೊಯ್ಯುವುದು ಹೇಗೆಂದು ತಿಳಿಯದೆ ಒದ್ದೆ ಅರಿವೆಯಿಂದ ಒರೆಸಿ ಬಿಟ್ಟ. ಬೆಳಗಾಗುವುದರೊಳಗೆ ಕೂದಲೆಲ್ಲ ಹೆಂಟೆ ಕಟ್ಟಿ ನೆತ್ತಿಗೆ ಕಚ್ಚಿಕೊಂಡಿತ್ತು. ಬೋಳಿಸದೆ ಗತಿಯಿಲ್ಲ ಎಂದರು ಓಣಿಯವರು. ರಾಚವ್ವ ಮಾತ್ರ, “ಗಂಡ ಇರೂತನಕ ನನ್ನ ತಲಿಗೆ ಕತ್ತಿ ತಾಗಬಾರದು. ತಾಗಿದ ದಿನ ನಾ ಇರಾಂಗಿಲ್ಲ” ಎಂದು ಗೋಡೆಗೆ ಮುಖ ಮಾಡಿ, ಊಟ ಬಿಟ್ಟು ಮಲಗಿದ್ದಳು.

“ಪುಣ್ಯ ನೋಡು ಕಾಕಾ, ಗಡಿಗಿ ಸುಟ್ಟಾಂಗ ಸುಡಲಿಲ್ಲಲ್ಲ!” ಬಚ್ಚಲಿನಿಂದಲೇ ಬಂಗಾರೆವ್ವ ಅಂದಳು.

ಅಜ್ಜನವರು ಚೀಲ ಹೆಗಲಿಗೇರಿಸಿದರು. “ಕೂಸಿಗೆ ನೀರು ಹಾಕಿ ಮುಗಿಸವ್ವ. ಆಮ್ಯಾಲೆ ಎತ್ತಿಕೊಂಡು ನನ್ನ ಕೂಡ ಬಾ” ಎಂದರು. ಹೆಣ್ಣುಮಗಳ ತಲೆ ಮುಟ್ಟುವ ಕೆಲಸಕ್ಕೆ ಇನ್ನೊಬ್ಬ ಹೆಣ್ಣುಮಗಳು ಹತ್ತಿರವಿರಬೇಕೆಂಬುದು ಅವರ ನೇಮ. ಬಂಗಾರೆವ್ವ ದಾರಿಯುದ್ದಕ್ಕೂ ಗೊಣಗುತ್ತಲೇ ಹೋದಳು.

ಕುಂಬಾರನ ಮನೆಯೊಳಗೆ ಹೋಗಿ ಅಜ್ಜನವರು ಹಾಸಿಗೆಯ ಬಳಿ ಕುಳಿತರು. ರಾಚವ್ವ ಸೆರಗೆಳೆದುಕೊಂಡಳು, ತಿರುಗಲಿಲ್ಲ.

“ಕತ್ತಿ ತಂದೀರೇನ್ರಿ ಅಪ್ಪಾರ?”

“ತಂದೀನಿ ತಾಯಿ.”

“ಹಂಗಾರ ಮೊದಲ ಕುತ್ತಿಗಿಗೆ ಹಚ್ಚರಿ.”

ದುಂಡಪ್ಪ ಎದ್ದು ಹೊರಗೆ ಹೋದ. ಅಜ್ಜನವರು ಕತ್ತಿಯನ್ನು ಹೊರಗೆ ತೆಗೆದರು. ಆ ತಾಯಿ ವಾರೆಗಣ್ಣಿನಿಂದ ನೋಡುತ್ತಿರುವಂತೆಯೇ ಅದನ್ನು ಮಡಚಿ, ಅರಿವೆಯಲ್ಲಿ ಸುತ್ತಿ, ಚೀಲದ ತಳಕ್ಕೆ ಹಾಕಿದರು. ಅನಂತರ ಸೊಸೆಯ ಕಡೆಗೆ ಎರಡೂ ಕೈ ಚಾಚಿದರು.

“ಇದು ಕತ್ತಿ ಕೆಲಸ ಅಲ್ಲ ಬಂಗಾರಿ, ಬೆರಳಿನ ಕೆಲಸ. ಕೂಸು ಇತ್ಲಾಗ ಕೊಡು.”

“ಚಲೋ ಆತಲ್ರಿ ಮಾವಾರ! ನನ್ನ ತಲಿ ಬಾಚಿಕೊಳ್ಳಾಕ ನನಗ ಪುರಸೊತ್ತಿಲ್ಲ” ಎಂದಳು ಬಂಗಾರೆವ್ವ. ಆದರೆ ಚಾಚಿದ ಕೈಗಳು ಹಿಂದೆ ಸರಿಯಲಿಲ್ಲ. ಕೂಸನ್ನು ಕೊಟ್ಟು ಸೆರಗು ಸಿಕ್ಕಿಸಿಕೊಂಡಳು.

ಬಿಸಿನೀರಲ್ಲಿ ಅದ್ದಿದ ಅರಿವೆಯನ್ನು ತಲೆಗೆ ಸುತ್ತಿ, ಮಣ್ಣು ನೆನೆಯುವವರೆಗೆ ಕಾದು, ಒಂದೊಂದೇ ಎಳೆ ಬಿಡಿಸಿ, ಎಣ್ಣೆ ಸವರಿ, ಮತ್ತೆ ಅರಿವೆ. ಮಣ್ಣಿನ ಕೆಳಗೆ ಹೇನು, ಹೇನಿನ ಕೆಳಗೆ ಹುಣ್ಣು. ಬಂಗಾರೆವ್ವ ಮುಖ ಹೊರಳಿಸಿ ಒಮ್ಮೆ ಉಸಿರೆಳೆದುಕೊಂಡು ಮತ್ತೆ ಬಾಗಿದಳು. ಅಂಗಳದಲ್ಲಿ ಅಜ್ಜನವರು ಕೂಸನ್ನು ಹೆಗಲಿಗೆ ಹಾಕಿಕೊಂಡು, ಕಣ್ಣು ಕೆಂಪಾಗುವಂತೆ ಒಲೆ ಊದಿ, ನೀರು ಕಾಯಿಸಿ ತಂದು ಕೊಡುತ್ತಿದ್ದರು. ಕೆಸರು ನೀರನ್ನು ತಾವೇ ಹೊತ್ತು ಹೊರಗೆ ಚೆಲ್ಲುತ್ತಿದ್ದರು. ಊರು ಕೈಮುಗಿಯುವ ಹಿರಿಯರು ತನ್ನ ಕೈಕೆಳಗಿನ ಆಳಾಗಿ ನಿಂತದ್ದನ್ನು ಕಂಡು ಅವಳು ಬಯ್ಯುವುದನ್ನು ಬಿಟ್ಟು ಮುಂದಿನ ಎಳೆಗೆ ಕೈಹಾಕಿದಳು.

ಕತ್ತಿನ ಹಿಂದೆ, ಹೆಡಕಿನ ಹತ್ತಿರದ ಒಂದು ಗಂಟು ಏನು ಮಾಡಿದರೂ ಬಿಡಲೊಲ್ಲದು. ತಾಳ್ಮೆಗೆಟ್ಟು ಅವಳು, “ಇದೊಂದು ಕತ್ತರಿಸ್ತೀನಿ ಬಿಡು ಯವ್ವಾ, ಹಿಂದಿಂದು, ಯಾರಿಗೂ ಕಾಣಾಂಗಿಲ್ಲ” ಎಂದಳು.

ರಾಚವ್ವ ಅವಳ ಮುಂಗೈ ಹಿಡಿದಳು. ಬಿಗಿಯಾಗಿ ಹಿಡಿಯುವ ಶಕ್ತಿ ಆ ಕೈಯಲ್ಲಿರಲಿಲ್ಲ. ಅಷ್ಟು ಹಗುರವಾಗಿ ಹಿಡಿದ ಕೈಯನ್ನು ಬಿಡಿಸಿಕೊಳ್ಳುವುದು ಬಂಗಾರೆವ್ವನಿಂದ ಆಗಲಿಲ್ಲ. ಬೆರಳಿಗೆ ಎಣ್ಣೆ ಅದ್ದಿ ಮತ್ತೆ ಕುಳಿತಳು. ಬಾಗಿಲ ಬಿಸಿಲು ಅಂಗಳ ದಾಟಿ ಎದುರು ಗೋಡೆ ಏರುವ ಹೊತ್ತಿಗೆ ಗಂಟು ಸಡಿಲಾಯಿತು.

“ನನ್ನ ಗಂಡ ನಲವತ್ತು ವರ್ಷ ಗಡಿಗಿ ಮಾಡಿದ. ಕಡಿಗೆ ನನ್ನ ತಲೀನೂ ಬಿಡಲಿಲ್ಲ ನೋಡವ್ವ” ಎಂದಳು ರಾಚವ್ವ. ಬಂಗಾರೆವ್ವ ನಕ್ಕಳು. ನಗುತ್ತಿದ್ದಂತೆ ಕಣ್ಣು ತುಂಬಿ ಕೈಯಲ್ಲಿದ್ದ ಬಾಚಣಿಗೆ ಕಾಣದಾಯಿತು. ಬಾಗಿಲ ಸಂದಿಯಲ್ಲಿ ದುಂಡಪ್ಪನೂ ನಕ್ಕ, ಬಹಳ ದಿನದ ಮೇಲೆ.

ಮುಂದಿನ ಸೋಮವಾರಗಳಲ್ಲಿ ಪಾದಪ್ಪಜ್ಜನವರ ಹಿಂದೆ, ಕಂಕುಳಲ್ಲಿ ಕೂಸು, ಕೈಯಲ್ಲಿ ಎಣ್ಣೆಯ ಬಟ್ಟಲು ಹಿಡಿದು ಬಂಗಾರೆವ್ವ ಹೋಗುತ್ತಿದ್ದುದನ್ನು ಪೇಟೆಯವರೆಲ್ಲ ಕಂಡಿದ್ದಾರೆ. ಅವಳ ಗೊಣಗಾಟವೇನೂ ನಿಲ್ಲಲಿಲ್ಲ. ಅಜ್ಜನವರು ಅದನ್ನು ನಿಲ್ಲಿಸಲೂ ಹೋಗಲಿಲ್ಲ. ಯಾಕೆ ಹೋಗುತ್ತೀ ಎಂದು ಕೇಳಿದವರಿಗೆ ಅವಳು, ಆ ಸಂಜೆ ರಾಚವ್ವ ತನ್ನನ್ನು ಕೇಳಿದ ಮಾತನ್ನೇ ಉತ್ತರವಾಗಿ ಹೇಳುತ್ತಿದ್ದಳು.

ಆ ಸಂಜೆ ಜಡೆ ಹೆಣೆದು ಮುಗಿದಿತ್ತು. ಕಿರುಬೆರಳು ದಪ್ಪದ ಬಿಳಿ ಜಡೆ. ರಾಚವ್ವ ಅದನ್ನು ಎದೆಯ ಮೇಲೆ ಎಳೆದುಕೊಂಡು ತುದಿಯವರೆಗೆ ಸವರಿದಳು. ಗಂಡನನ್ನು ಕರೆದು ರೊಟ್ಟಿ ಕೇಳಿದಳು. ಬಂಗಾರೆವ್ವನ ಕೈಯನ್ನು ಕೆನ್ನೆಗೆ ಒತ್ತಿಕೊಂಡು, ಅವಳ ಮುಖವನ್ನೇ ನೋಡುತ್ತ ಕೇಳಿದಳು:

“ನಮ್ಮ ಬಳಗದಾಕಿ ಅಲ್ಲ, ನಮ್ಮ ಓಣಿಯಾಕೀನೂ ಅಲ್ಲ. ನಾ ನಿನಗ ಏನಾಗಬೇಕವ್ವಾ?”