ಫ್ಯಾನು ನೋಡಲಾರದ ಕಣ್ಣು

ಪುಟ್ಟಚೆನ್ನಮ್ಮನ ಮೊಮ್ಮಕ್ಕಳಾದ ಭುವನ ಮತ್ತು ನಕುಲ ಮುಟ್ಟಾಟ ಆಡುತ್ತಾ ನೀರಿನ ತೊಟ್ಟಿಯ ಮೂಲೆಯಲ್ಲಿ ಢೀ ಹೊಡೆದರು. ನಕುಲನ ತಲೆ ಭುವನನ ಕಣ್ಣಿಗೆ, ಭುವನನ ಮೊಣಕೈ ನಕುಲನ ಕಣ್ಣಿಗೆ. ಲೆಕ್ಕ ಸರಿಹೋಯಿತು ಎನ್ನಬೇಡಿ, ಮುಂದೆ ಕೇಳಿ.

ಭುವನನ ಕಣ್ಣು ಬದನೆಕಾಯಿಯಂತೆ ಊದಿತು. ಅಕ್ಕಪಕ್ಕದವರೆಲ್ಲ ಓಡಿಬಂದರು. ಒಬ್ಬರು ಐಸು ತಂದರು, ಒಬ್ಬರು ಅರಿಶಿನ ತಂದರು, ಏನೂ ಇಲ್ಲದವರು ಸಲಹೆ ತಂದರು. ಅಜ್ಜಿ ಪೊರಕೆ ಕಡ್ಡಿ ಸುಟ್ಟು ದೃಷ್ಟಿ ತೆಗೆದಳು. ಭುವನ ಮದುಮಗನ ಹಾಗೆ ಕುರ್ಚಿಯಲ್ಲಿ ಕೂತು ಬಿಸ್ಕತ್ತು ತಿಂದ.

ನಕುಲನ ಕಣ್ಣು ಬೆಳ್ಳಗೇ ಇತ್ತು. ಊತವಿಲ್ಲ, ಗಾಯವಿಲ್ಲ, ಆದ್ದರಿಂದ ಮರ್ಯಾದೆಯೂ ಇಲ್ಲ. ಅವನು ಮೂಲೆಯಲ್ಲಿ ಮುದುರಿ ಕೂತು ವಾಂತಿ ಮಾಡಿದ.

"ಹಲಸಿನ ಹಣ್ಣು ಆ ಪಾಟಿ ತಿಂದ್ರೆ ಇನ್ನೇನಾಯ್ತದೆ?" ಎಂದಳು ಅಜ್ಜಿ.

"ಅಜ್ಜಿ, ಎಲ್ಲ ಎರಡೆರಡು ಕಾಣ್ತವೆ."

"ನಿಂಗೂ ಬಿಸ್ಕತ್ತು ಬೇಕು, ಅದ್ಕೇ ಈ ನಾಟ್ಕ. ತಗೋ!"

ಅವನಿಗೆ ಎರಡು ಬಿಸ್ಕತ್ತು ಕಂಡವು. ತಿನ್ನಲು ಒಂದೂ ಆಗಲಿಲ್ಲ, ಪಾಪ.

ಭುವನನನ್ನು ಡಾಕ್ಟರಮ್ಮನ ಬಳಿ ಕರೆದೊಯ್ಯಲು ಆಟೋ ಬಂತು. ಒಬ್ಬನನ್ನೇ ಮನೆಯಲ್ಲಿ ಬಿಡಲಾಗದೆ ಅಜ್ಜಿ ನಕುಲನನ್ನೂ ಅದರಲ್ಲಿ ತುರುಕಿದಳು. ಅವನು ಹೋಗಿ ಡಾಕ್ಟರಮ್ಮನ ಚಪ್ಪಲಿಯ ಮೇಲೆಯೇ ವಾಂತಿ ಮಾಡಿದ. ಒಳ್ಳೆಯದೇ ಆಯಿತು!

ಡಾಕ್ಟರಮ್ಮ ಚಪ್ಪಲಿ ಬಿಟ್ಟು ಹುಡುಗನನ್ನು ನೋಡಿದರು. "ಮರಿ, ತಲೆ ಎತ್ತದೆ ಮೇಲೆ ಫ್ಯಾನ್ ನೋಡು."

ಒಂದು ಕಣ್ಣು ಮೇಲೆ ಹೋಯಿತು. ಇನ್ನೊಂದು ಅಲ್ಲೇ ನಿಂತಿತು.

"ಡಾಕ್ಟ್ರಮ್ಮನ್ನೇ ಅಣಕಿಸ್ತೀಯೇನೋ?" ಅಜ್ಜಿ ಗದರಿದಳು.

"ಅಣಕ ಅಲ್ಲ ಅಜ್ಜಿ. ಕಣ್ಣಿನ ಗೂಡಿನ ತಳದ ಮೂಳೆ ಮುರಿದ ಹಾಗಿದೆ. ಮಕ್ಕಳ ಮೂಳೆ ಬಗ್ಗಿ ಮತ್ತೆ ಮುಚ್ಕೊಳ್ಳುತ್ತೆ. ಬಾಗಿಲಿಗೆ ಸೆರಗು ಸಿಕ್ಕಿದ ಹಾಗೆ, ಕಣ್ಣು ತಿರುಗಿಸೋ ಮಾಂಸಖಂಡ ಒಳಗೆ ಸಿಕ್ಕಿಕೊಂಡಿದೆ. ವಾಂತಿನೂ ಅದರಿಂದಲೇ. ಈಗಲೇ ದೊಡ್ಡಾಸ್ಪತ್ರೆಗೆ ಹೊರಡಿ, ಆಪರೇಷನ್ ಬೇಕಾಗುತ್ತೆ. ತಡ ಮಾಡಿದ್ರೆ ಆ ಕಣ್ಣು ಮುಂದೆಂದೂ ಸರಿಯಾಗಿ ತಿರುಗದೇ ಹೋಗಬಹುದು."

"ಅಯ್ಯೋ ನನ್ ಕಂದ, ನಿನ್ನೇ ಬೈದ್ನಲ್ಲೋ!" ಎಂದು ಅಜ್ಜಿ ನಕುಲನನ್ನು ತಬ್ಬಿ ಅತ್ತಳು.

"ನಂಗೆ ಆಪರೇಷನ್ ಇಲ್ವಾ?" ಭುವನ ಕೇಳಿದ.

ಡಾಕ್ಟರಮ್ಮ ಅವನ ರೆಪ್ಪೆ ಎತ್ತಿ ನೋಡಿದರು. "ನಿನ್ನ ಕಣ್ಣು ಎಲ್ಲ ಕಡೆ ತಿರುಗ್ತಿದೆ. ಐಸು ಬಟ್ಟೇಲಿ ಸುತ್ತಿ ಇಟ್ಕೋ, ನಾಳೆ ಬಾ." ಭುವನನಿಗೆ ಭಾರಿ ಅವಮಾನವಾಯಿತು.

ಸ್ಕ್ಯಾನಿನಲ್ಲೂ ಅದೇ ಕಂಡಿತು. ಅಂದೇ ಆಪರೇಷನ್ ಆಗಿ, ನಕುಲನ ಕಣ್ಣು ನಿಧಾನವಾಗಿ ಸರಿಹೋಯಿತು. ಈಗ ಮೊಣಕಾಲು ತರಚಿಕೊಂಡು ಬಂದ ಮಗುವಿಗೂ ಅಜ್ಜಿ ಮೊದಲು ಹೇಳುವುದು, "ಮೇಲೆ ನೋಡು!"

ನೀತಿ: ಊದಿದ ಕಣ್ಣು ತಾನೇ ಕೂಗಿ ಹೇಳುತ್ತದೆ, ಬೆಳ್ಳಗಿರುವ ಕಣ್ಣನ್ನು ನಾವೇ ಕೇಳಬೇಕು. ಪೆಟ್ಟು ತಿಂದ ಮಗು ವಾಂತಿ ಮಾಡಿದರೆ ಹಲಸಿನ ಹಣ್ಣನ್ನು ಬೈಯುತ್ತಾ ಕೂರದೆ ಡಾಕ್ಟರ ಬಳಿ ಓಡಿ.