ಪಾಲವ್ವನ ಗೋಡೆ

ಅದೇ ಜಾಲಿಮರವನ್ನು ಎರಡು ಸಲ ಸುತ್ತಿ ಬಂದ ಮೇಲೆ ಯಾರೇ ಆದರೂ ಅಲ್ಲಿ ಕುರಿ ಕಾಯುವವನನ್ನು ಕೇಳಲೇಬೇಕಾಗುತ್ತದೆ: “ಪಾಲವ್ವನ ಗೋಡೆ ಎಲ್ಲಪ್ಪಾ?”

“ಅದ್ರ ಮೇಲೇ ನಿಂತಿದೀರಲ್ಲ ತಾಯಿ!”

ಕಾಲ ಕೆಳಗೆ ನೋಡಿದರೆ ಗೋಡೆಯಿಲ್ಲ, ಕೆರೆಯ ಏರಿ. ಏರಿಯ ತುದಿಗೆ ಮಣ್ಣಿನ ದಿಣ್ಣೆ. ಅದರ ಮೈತುಂಬ ತೂತುಗಳು, ತೂತಿಂದ ತೂತಿಗೆ ಹಸಿರು ಕಳ್ಳಿಪೀರಗಳು. ಹಾರುವ ಹುಳುಗಳನ್ನು ಹಿಡಿದು ತಿನ್ನುವ ಈ ಹಕ್ಕಿಗಳು ಮಣ್ಣು ಕೊರೆದು ಒಳಗೆ ಮರಿ ಮಾಡುತ್ತವೆ.

ಹಿಂದೆ ಯಾವುದೋ ಕಾಲದಲ್ಲಿ ಪಾಲವ್ವ ಈ ಕೆರೆಯ ನೀರಗಂಟಿಯಾಗಿದ್ದಳಂತೆ. ತೂಬು ಎತ್ತುವುದು, ಏರಿ ಕಾಯುವುದು ಅವಳ ಪಾಲಿನ ಕೆಲಸ. ಮಳೆಗಾಲಕ್ಕೆ ಮುಂಚೆ ಏರಿಯ ಬಿರುಕಿಗೆ ತುಂಬುವ ಮಣ್ಣು ಆ ದಿಣ್ಣೆಯದು. ರೋಹಿಣಿ ಮಳೆ ಹುಟ್ಟಿದ ದಿನ ಮೊದಲ ಗುದ್ದಲಿ ಅವಳದು. ಅಷ್ಟರಲ್ಲಿ ಮರಿಗಳು ಹಾರಿಹೋಗಿರುತ್ತವೆ ಎಂಬುದು ಮುತ್ತಜ್ಜರ ಕಾಲದ ಲೆಕ್ಕ. ಆ ವರ್ಷ ಅಶ್ವಿನಿ ಬರಲಿಲ್ಲ, ಭರಣಿಯೂ ಕೈಕೊಟ್ಟಿತು. ಮಳೆಯಿಲ್ಲದೆ ಹುಳು ಏಳಲಿಲ್ಲ. ಹುಳುವಿಲ್ಲದೆ ಹಕ್ಕಿಗಳು ಮೊಟ್ಟೆಯಿಡದೆ ಕಳ್ಳಿಯ ಮೇಲೆ ಸುಮ್ಮನೆ ಕೂತವು. ಕೊನೆಗೆ ಕೃತ್ತಿಕೆಯ ನಾಲ್ಕು ಹನಿಗೆ ಹುಳು ಎದ್ದಾಗ ಅವು ಗೂಡಿಗಿಳಿದದ್ದನ್ನು ಯಾರೂ ಗಮನಿಸಲಿಲ್ಲ. ಊರು ಪಂಚಾಂಗ ನೋಡುತ್ತಿತ್ತು, ಹಕ್ಕಿಯನ್ನಲ್ಲ.

ರೋಹಿಣಿ ಹುಟ್ಟಿತು. ಪಾಲವ್ವ ಗುದ್ದಲಿ ಎತ್ತಿ ಹಾಕಿದಳು. ಹೆಂಟೆಯ ಜೊತೆ ಅವಳ ಪಾದದ ಮೇಲೆ ಬಿದ್ದದ್ದು ಪುಕ್ಕ ಬಾರದ, ಕಣ್ಣು ಬಿಡದ ಮರಿಗಳು. ಒಂದು ಇನ್ನೂ ಬಾಯಿ ತೆರೆಯುತ್ತಿತ್ತು, ತುತ್ತು ಬಂತೆಂದುಕೊಂಡು. ಅವಳು ತಿರುಗಿ, ಹಿಂದೆ ಬಂದಿದ್ದ ಊರವರ ಹಾರೆಗಳಿಗೆ ಅಡ್ಡ ನಿಂತಳು.

“ಹಕ್ಕಿಗೆ ಬಾಣಂತನ ಮಾಡೋಕೆ ನಿಂತೀಯೇನೇ?” ಎಂದು ಊರಗೌಡ ಸಣ್ಣಬೋರಪ್ಪ ರೇಗಿದ. “ಏರಿ ಒಡೆದ್ರೆ ಊರಿಗೆ ಅನ್ನ ನೀನ್ ಇಕ್ತೀಯಾ?”

“ಏರಿಗೆ ಮಣ್ಣು ತಾನೇ ಬೇಕು ಗೌಡ್ರೇ? ಆ ಸಾಲ ನಂದು. ಇಲ್ಲಿ ಮಾತ್ರ ಯಾರೂ ಕೈ ಹಾಕಬ್ಯಾಡಿ.”

“ಸುತ್ತ ಬರೀ ಬಂಡೆ. ಮಣ್ಣೇನು ನಿನ್ನ ಸೆರಗಿನಲ್ಲಿದೆಯಾ?”

ಪಾಲವ್ವ ಮನೆಗೆ ನಡೆದಳು. ಪಾತ್ರೆ, ಕಂಬಳಿ ಹೊರಗಿಟ್ಟಳು. ಸೂರು ಇಳಿಸಿದಳು. ಆಮೇಲೆ ಮೊಳದಗಲದ ಮಣ್ಣಿನ ಗೋಡೆಗೆ ಅದೇ ಗುದ್ದಲಿ ಹಾಕಿದಳು. ತನ್ನ ಮನೆಯನ್ನು ತಾನೇ ಕೆಡವುವವಳನ್ನು ನೋಡಲು ಊರು ನೆರೆಯಿತು ಎನ್ನುತ್ತಾರೆ. ಹೊತ್ತು ಏರುವಾಗ ಆ ಮಣ್ಣನ್ನು ಏರಿಗೆ ಹೊರಲು ಒಬ್ಬೊಬ್ಬರಾಗಿ ಬುಟ್ಟಿ ಹಿಡಿದು ಬಂದರಂತೆ. ಗೌಡನೂ ಬಂದನಂತೆ, ಎಲ್ಲರಿಗಿಂತ ತಡವಾಗಿ.

ಇಂದಿಗೂ ನಡು ಏರಿಯಲ್ಲಿ ಒಂದಷ್ಟು ದೂರ ಮಣ್ಣಿನ ಬಣ್ಣವೇ ಬೇರೆ. ಮಳೆ ತೊಳೆದ ಕಡೆ ಸುಣ್ಣ ಬಳಿದ ಚೂರುಗಳು ಇಣುಕುತ್ತವೆ. ಒಂದೆರಡಕ್ಕೆ ದೀಪದ ಮಸಿ ಅಂಟಿದೆ. ಅಲ್ಲೇ ಅವಳು ಕೊನೆಯ ಬುಟ್ಟಿ ಸುರಿದು, ಕಾಲಿನಿಂದ ತುಳಿದು ಗಟ್ಟಿ ಮಾಡಿ, ಗೌಡನ ಕಡೆ ತಿರುಗಿ ಕೇಳಿದಳಂತೆ: “ಸಾಲ ತೀರಿತಲ್ಲ?”